ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ರ‍್ಯಾಮ್: ಕೆಟ್ಟಿದೆ ಅನ್ನುವ ಮೊದಲು

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಗೊಂಡವರು ನನ್ನ ಹತ್ತಿರ ಬಂದು "ರ‍್ಯಾಮ್ ಕೆಟ್ಟಿದೆ ನೋಡಿ" ಅನ್ನುವುದು ಬಹಳ ಕಡಿಮೆ. ಅವರ ದೂರೇ ಬೇರೆ ಇರುತ್ತದೆ. ವಿಂಡೋಸ್ ಹಾಕಲು ಹೋದರೆ ಅರ್ಧಕ್ಕೆ ನಿಲ್ಲುತ್ತದೆ, ಬ್ರೌಸರ್ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ನಿನ್ನೆ ತೆರೆದ ಫೈಲ್ ಇವತ್ತು ತೆರೆಯುವುದಿಲ್ಲ. ಅಷ್ಟು ಹೊತ್ತಿಗೆ ಯಾರೋ ಒಬ್ಬರು ವೈರಸ್ ಅಂದಿರುತ್ತಾರೆ, ಇನ್ನೊಬ್ಬರು ಹಾರ್ಡ್ ಡಿಸ್ಕ್ ಅಂದಿರುತ್ತಾರೆ, ಮತ್ತೆ ಮತ್ತೆ ಫಾರ್ಮ್ಯಾಟ್ ಆಗಿರುತ್ತದೆ, ಹೊಸ ಎಸ್‌ಎಸ್‌ಡಿಯೂ ಬಂದು ಕೂತಿರುತ್ತದೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಬಗೆಯವರೂ ಇದ್ದಾರೆ. ಇವರಿಗೆ ಮೆಮೊರಿ ಟೆಸ್ಟ್ ಗೊತ್ತು. ಟೆಸ್ಟ್ ಓಡಿಸಿ, ಪರದೆ ಮೇಲೆ ಎರರ್ ಕಂಡ ತಕ್ಷಣ ಸ್ಟಿಕ್ (ಮೆಮೊರಿ ಚಿಪ್‌ಗಳು ಕೂತಿರುವ ಪಟ್ಟಿ) ಕಿತ್ತು ಹೊಸದು ತಂದು ಹಾಕುತ್ತಾರೆ. ಹೊಸದರಲ್ಲೂ ಅದೇ ಎರರ್ ಬಂದಾಗ ಅದನ್ನು ಕೊಟ್ಟವರ ಜೊತೆ ಜಗಳ ಶುರುವಾಗುತ್ತದೆ. ಆದರೆ ಟೆಸ್ಟ್ ಹೇಳಿದ್ದು "ಇಲ್ಲಿ ಬರೆದದ್ದು ಹಾಗೇ ವಾಪಸ್ ಬರಲಿಲ್ಲ" ಅಂತ ಅಷ್ಟೇ. ತಪ್ಪು ಯಾರದು ಅಂತ ಅದು ಹೇಳಿಲ್ಲ. ಸ್ಟಿಕ್ ಇರಬಹುದು, ಅದು ಕೂರುವ ಸ್ಲಾಟ್ ಇರಬಹುದು, ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ ಬೋರ್ಡಿನ ಪ್ರೋಗ್ರಾಮ್) ಸೆಟ್ಟಿಂಗ್ ಇರಬಹುದು, ಪ್ರೊಸೆಸರ್ ಕೂಡ ಇರಬಹುದು. ಹೊಸ ಕಂಪ್ಯೂಟರಿನಲ್ಲಾದರೆ ಮೊದಲ ಅನುಮಾನ ಸ್ಟಿಕ್ ಮೇಲೆ ಹೋದರೆ ತಪ್ಪಿಲ್ಲ. ಕೈ ಬದಲಾಗಿ ಬಂದ ಕಂಪ್ಯೂಟರಿನಲ್ಲಿ ಹಾಗಲ್ಲ. ಹಿಂದಿನವರು ಏನೇನು ಮಾಡಿದ್ದಾರೆ ಅಂತ ನಮಗೆ ಗೊತ್ತೇ ಇರುವುದಿಲ್ಲವಲ್ಲ.

ರ‍್ಯಾಮ್ ಕೆಟ್ಟರೆ ಯಾಕೆ ಇಷ್ಟು ವೇಷ ಹಾಕುತ್ತದೆ? ಡಿಸ್ಕ್‌ನಿಂದ ಪ್ರೊಸೆಸರಿಗೆ ಹೋಗುವುದೆಲ್ಲ ರ‍್ಯಾಮ್ ಮೂಲಕವೇ ಹೋಗಬೇಕು, ವಾಪಸ್ ಬರುವುದೂ ಅಲ್ಲಿಂದಲೇ. ಒಂದೇ ಒಂದು ಬಿಟ್, ಅಂದರೆ ಒಂದು ಸೊನ್ನೆಯೋ ಒಂದೋ, ತಿರುಗಿ ಬಿದ್ದರೂ ಸಾಕು. ಯೂನಿಕೋಡ್‌ನಲ್ಲಿ ಕನ್ನಡದ 'ಅ' ಅಕ್ಷರಕ್ಕೂ 'ಇ' ಅಕ್ಷರಕ್ಕೂ ಇರುವ ವ್ಯತ್ಯಾಸ ಒಂದು ಬಿಟ್ ಮಾತ್ರ. ಆ ಬಿಟ್ ಇರುವ ಕೋಶ ಕೆಟ್ಟಿದ್ದರೆ ನೀವು ಬರೆದ 'ಅವನು' ಸುಮ್ನೆ 'ಇವನು' ಆಗಿಬಿಡುತ್ತಾನೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಕೆಟ್ಟ ಜಾಗಕ್ಕೆ ಫೋಟೋದ ಒಂದು ಚುಕ್ಕೆ ಬಂದು ಕೂತರೆ ಯಾರಿಗೂ ಕಾಣಿಸುವುದಿಲ್ಲ. ಪ್ರೋಗ್ರಾಮಿನ ಒಂದು ಸೂಚನೆ ಬಂದರೆ ಆ ಪ್ರೋಗ್ರಾಮ್ ಬೀಳುತ್ತದೆ. ವಿಂಡೋಸ್‌ನ ಒಳಭಾಗವೇ ಬಂದರೆ ಬ್ಲೂ ಸ್ಕ್ರೀನ್. ಯಾವ ಜಾಗಕ್ಕೆ ಏನು ಬರುತ್ತದೆ ಅನ್ನುವುದು ಪ್ರತಿ ಸಲ ಆನ್ ಮಾಡಿದಾಗಲೂ ಬದಲಾಗುತ್ತದೆ, ಅದಕ್ಕೇ ತೊಂದರೆಗೂ ಒಂದು ಮುಖ ಅಂತ ಇರುವುದಿಲ್ಲ.

ಆ ಮುಖ ಇಲ್ಲದಿರುವುದೇ ದೊಡ್ಡ ಸುಳಿವು. ಬ್ಲೂ ಸ್ಕ್ರೀನ್ ಪ್ರತಿ ಸಲ ಒಂದೇ ಡ್ರೈವರ್ ಹೆಸರು ತೋರಿಸಿದರೆ ಮೊದಲು ಆ ಡ್ರೈವರನ್ನೇ ಹಿಡಿಯಿರಿ. ಒಂದು ಸಲ 'ಮೆಮೊರಿ ಮ್ಯಾನೇಜ್‌ಮೆಂಟ್', ಮುಂದಿನ ಸಲ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಅದರ ಮುಂದಿನ ಸಲ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್' ಅಂತ ಹೀಗೆ ಸಂಬಂಧವೇ ಇಲ್ಲದ ಹೆಸರುಗಳು ಬಂದರೆ ನನ್ನ ಕಣ್ಣು ರ‍್ಯಾಮ್ ಕಡೆ ಹೋಗುತ್ತದೆ. ವಿಂಡೋಸ್ ಹಾಕುವಾಗ ಪ್ರತಿ ಸಲ ಬೇರೆ ಬೇರೆ ಫೈಲ್ ಹತ್ತಿರ ನಿಂತರೂ ಹಾಗೇ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಸಿಆರ್‌ಸಿ ಎರರ್ (ಬಿಚ್ಚಿದ್ದು ಮೂಲಕ್ಕೆ ಹೊಂದುತ್ತಿಲ್ಲ ಅನ್ನುವ ದೂರು) ಬಂದು, ಏನೂ ಮಾಡದೆ ಮತ್ತೊಮ್ಮೆ ಬಿಚ್ಚಿದರೆ ಸರಿಯಾಗಿ ಬಿಚ್ಚಿಕೊಂಡರಂತೂ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಫೈಲೇ ಕೆಟ್ಟಿದ್ದರೆ ಎರಡನೇ ಸಲವೂ ಬಿಚ್ಚಬಾರದಿತ್ತು, ಅಲ್ವಾ?

ಇದನ್ನೇ ಸ್ವಲ್ಪ ಬೆಳೆಸಿದರೆ ಒಂದು ಒಳ್ಳೆಯ ಪರೀಕ್ಷೆ ಆಗುತ್ತದೆ. ರ‍್ಯಾಮ್‌ಗಿಂತ ದೊಡ್ಡದಾದ ಒಂದು ಫೈಲ್ ತಗೊಳ್ಳಿ, ಅದರ ಎಸ್‌ಎಚ್‌ಎ-256 ಹ್ಯಾಶ್ (ಇಡೀ ಫೈಲ್ ಓದಿ ಲೆಕ್ಕ ಹಾಕಿದ, ಬೆರಳಚ್ಚಿನಂಥ ಒಂದು ಸಂಖ್ಯೆ) ತೆಗೆಯಿರಿ, ಮತ್ತೆ ತೆಗೆಯಿರಿ. ಫೈಲ್ ಮುಟ್ಟದೇ ಇದ್ದರೆ ಎರಡು ಸಲವೂ ಒಂದೇ ಉತ್ತರ ಬರಲೇಬೇಕು. ಬೇರೆ ಬೇರೆ ಬಂದರೆ ಓದುವ ದಾರಿಯಲ್ಲಿ ಎಲ್ಲೋ ಏನೋ ಬದಲಾಗುತ್ತಿದೆ. ಫೈಲ್ ರ‍್ಯಾಮ್‌ಗಿಂತ ದೊಡ್ಡದಿರಬೇಕು ಅಂದದ್ದು ಯಾಕೆಂದರೆ, ಚಿಕ್ಕದಾದರೆ ಎರಡನೇ ಸಲ ಕಂಪ್ಯೂಟರ್ ಅದನ್ನು ಡಿಸ್ಕ್‌ನಿಂದ ಓದುವುದೇ ಇಲ್ಲ, ಮೊದಲ ಸಲ ರ‍್ಯಾಮ್‌ನಲ್ಲಿ ಉಳಿಸಿಕೊಂಡದ್ದನ್ನೇ ಮತ್ತೆ ಕೊಡುತ್ತದೆ. ಇದರಿಂದ ರ‍್ಯಾಮೇ ಕೆಟ್ಟಿದೆ ಅಂತ ತೀರ್ಮಾನ ಮಾಡಲಾಗುವುದಿಲ್ಲ, ಕೇಬಲ್ಲೋ ಡಿಸ್ಕೋ ಆಗಿರಬಹುದು. ಆದರೆ ತೊಂದರೆ ಹಾರ್ಡ್‌ವೇರ್‌ನಲ್ಲಿದೆ, ಇನ್ನು ಫಾರ್ಮ್ಯಾಟ್ ಮಾಡುವುದು ದಂಡ ಅಂತ ಖಾತ್ರಿಯಾಗುತ್ತದೆ.

ಅನುಮಾನ ಬಂದ ಮೇಲೆ ಎಲ್ಲರೂ ಮೊದಲು ಮಾಡುವ ಕೆಲಸ ಬ್ಯಾಕಪ್. ಮಾಡಲೇಬೇಕು, ಆದರೆ ಆ ಕಂಪ್ಯೂಟರಿನಲ್ಲೇ ಮಾಡಬೇಡಿ. ಕಾಪಿ ಆಗುವುದೂ ಅದೇ ಕೆಟ್ಟ ರ‍್ಯಾಮ್ ಮೂಲಕ ತಾನೇ? ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಿಕೊಳ್ಳಿ. ಅದು ಆಗುವವರೆಗೆ ಈ ಕಂಪ್ಯೂಟರಿನಲ್ಲಿ ಏನನ್ನೂ ಸೇವ್ ಮಾಡಬೇಡಿ, ಅಪ್‌ಡೇಟ್ ಹಾಕಬೇಡಿ, ಡಿಸ್ಕ್ ರಿಪೇರಿಯನ್ನಂತೂ ಓಡಿಸಲೇಬೇಡಿ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಡಿಸ್ಕ್ ರಿಪೇರಿ ಮಾಡಲು ಹೋಗಿ ಚೆನ್ನಾಗಿದ್ದ ಫೋಲ್ಡರುಗಳನ್ನೇ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಟೆಸ್ಟ್ ಹಾಕುವ ಮೊದಲು ಹಿಂದಿನವರ ಕೈಚಳಕ ಅಳಿಸಬೇಕು. ಬಯಾಸ್‌ಗೆ ಹೋಗಿ, ಡೀಫಾಲ್ಟ್ ಸೆಟ್ಟಿಂಗ್ ಲೋಡ್ ಮಾಡಿ, ಸೇವ್ ಮಾಡಿ. ಇಷ್ಟೇ. ಇಷ್ಟರಿಂದಲೇ ಸರಿಹೋದ ಕೇಸುಗಳು ಬೇಕಾದಷ್ಟಿವೆ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಡಿಡಿಆರ್4 (ಮೆಮೊರಿಯ ಒಂದು ತಲೆಮಾರು) ಸ್ಟಿಕ್ ಮೇಲೆ 3200 ಅಥವಾ 3600 ಅಂತ ವೇಗವನ್ನು ದೊಡ್ಡದಾಗಿ ಬರೆದಿರುತ್ತದೆ. ತುಂಬಾ ಸ್ಟಿಕ್‌ಗಳಲ್ಲಿ ಆ ವೇಗ ತಾನಾಗಿ ಬರುವುದಲ್ಲ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ ತಯಾರಿಸಿದವರು ಅದರಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿದಾಗ ಮಾತ್ರ ಬರುತ್ತದೆ, ಆಗ ವೋಲ್ಟೇಜ್ ಕೂಡ ಮಾಮೂಲಿ 1.2ರಿಂದ 1.35ಕ್ಕೆ ಏರುತ್ತದೆ. ಅಂದರೆ ಅದು ಒಂದು ಬಗೆಯ ಓವರ್‌ಕ್ಲಾಕಿಂಗ್, ಮಾಮೂಲಿಗಿಂತ ಜಾಸ್ತಿ ವೇಗದಲ್ಲಿ ಓಡಿಸುವುದು. ಹಿಂದಿನವರು ಅದನ್ನು ಆನ್ ಮಾಡಿ, ಸಾಲದು ಅಂತ ಟೈಮಿಂಗ್ (ಕೆಲಸಗಳ ನಡುವೆ ಸ್ಟಿಕ್‌ಗೆ ಕೊಡುವ ಬಿಡುವು) ಬಿಗಿ ಮಾಡಿ, ಮಾರುವಾಗ ತಮ್ಮ ಒಳ್ಳೆಯ ಸ್ಟಿಕ್ ತೆಗೆದುಕೊಂಡು ಡ್ರಾಯರಿನಲ್ಲಿ ಬಿದ್ದಿದ್ದ ಬೇರೆ ಯಾವುದನ್ನೋ ಹಾಕಿ ಕೊಟ್ಟಿರುತ್ತಾರೆ. ಬೋರ್ಡ್ ಹಳೆಯ ಲೆಕ್ಕದಲ್ಲೇ ಓಡಿಸಲು ನೋಡುತ್ತದೆ, ಹೊಸದಾಗಿ ಬಂದ ಸ್ಟಿಕ್‌ಗೆ ಆ ಓಟ ಆಗುವುದಿಲ್ಲ. ಡೀಫಾಲ್ಟ್‌ಗೆ ತಂದರೆ ವೇಗ 2133ಕ್ಕೋ 2400ಕ್ಕೋ ಇಳಿಯುತ್ತದೆ, ಎರರ್ ಮಾಯ. ಸ್ಟಿಕ್ ಕೆಟ್ಟಿಲ್ಲ, ಅದರ ಕೈಲಿ ಆಗದ ಕೆಲಸ ಹೇಳಿದ್ದರು. ವೇಗ ಕಡಿಮೆಯಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ, ದಿನದ ಕೆಲಸದಲ್ಲಿ ಆ ವ್ಯತ್ಯಾಸ ನಿಮಗೆ ಕಾಣಿಸುವುದೂ ಕಷ್ಟ.

ಸೆಟ್ಟಿಂಗ್ ಅಳಿಸಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇದ್ದರೆ ಗಾಬರಿ ಬೇಡ. ಬೋರ್ಡ್ ಸ್ಟಿಕ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಿರುತ್ತದೆ, ಮೆಮೊರಿ ಟ್ರೈನಿಂಗ್ ಅಂತಾರೆ. ಡಿಡಿಆರ್5 ಆದರೆ ಕೆಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಆಫ್ ಮಾಡುತ್ತಾ ಕೂತರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ.

ಆಮೇಲೆ ಒಳಗೆ ನೋಡೋಣ. ಪ್ಲಗ್ ತೆಗೆಯಿರಿ, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲು ಬಿಡಿ, ಕೇಸಿನ ಬರೀ ಲೋಹದ ಭಾಗವನ್ನು ಒಮ್ಮೆ ಮುಟ್ಟಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಕನೆಕ್ಟರ್ ಬಿಡಿಸದೆ ರ‍್ಯಾಮ್ ಮುಟ್ಟಲೇಬೇಡಿ. ಸ್ಟಿಕ್ ತೆಗೆದು ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಮಸುಕಾಗಿದ್ದರೆ, ಬೆರಳಿನ ಗುರುತು ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ನಮ್ಮ ಕಸುಬಿನವರ ಹಳೆಯ ಅಭ್ಯಾಸ, ಎಷ್ಟೋ ಸಲ ಕೆಲಸವೂ ಮಾಡುತ್ತದೆ. ನನಗೆ ಅದು ಇಷ್ಟವಿಲ್ಲ. ಚಿನ್ನದ ಲೇಪ ತುಂಬಾ ತೆಳು, ಉಜ್ಜಿದಷ್ಟೂ ಸವೆಯುತ್ತದೆ, ಮೇಲೆ ರಬ್ಬರಿನ ಪುಡಿ ಸ್ಲಾಟಿನೊಳಗೆ ಹೋಗಿ ಕೂರುತ್ತದೆ. ಸ್ಲಾಟಿಗೆ ಬಾಯಿಂದ ಊದುವುದೂ ಬೇಡ, ಧೂಳಿನ ಬದಲು ತೇವ ಒಳಗೆ ಹೋಗುತ್ತದೆ. ಮೆತ್ತನೆಯ ಬ್ರಷ್ ಸಾಕು. ವಾಪಸ್ ಹಾಕುವಾಗ ಎರಡೂ ತುದಿ ಸಮನಾಗಿ ಒತ್ತಿ, ಕ್ಲಿಪ್ ತಾನಾಗಿ ಬಂದು ಕಚ್ಚಿಕೊಳ್ಳಬೇಕು. ಕೆಲವು ಬೋರ್ಡ್‌ಗಳಲ್ಲಿ ಕ್ಲಿಪ್ ಒಂದು ಕಡೆ ಮಾತ್ರ ಇರುತ್ತದೆ. ಕ್ಲಿಪ್ ಇಲ್ಲದ ಕಡೆಯೇ ಅರ್ಧ ಕೂತು ಮೋಸ ಮಾಡುವುದು.

ಈಗ ಟೆಸ್ಟ್. ವಿಂಡೋಸ್‌ನಲ್ಲೇ ಒಂದು ಇದೆ, ಸ್ಟಾರ್ಟ್ ಮೆನುವಿನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಅಂತ ಹುಡುಕಿದರೆ ಸಿಗುತ್ತದೆ. ರೀಸ್ಟಾರ್ಟ್ ಆಗಿ ಟೆಸ್ಟ್ ಶುರುವಾದ ಮೇಲೆ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಳ್ಳಿ. ಮುಗಿದ ಮೇಲೆ ಫಲಿತಾಂಶ ಇವೆಂಟ್ ವ್ಯೂವರಿನಲ್ಲಿ ಇರುತ್ತದೆ. ಇದು ಎರರ್ ಇದೆ ಅಂದರೆ ನಂಬಿ. ಇಲ್ಲ ಅಂದರೆ ನಂಬಬೇಡಿ, ಅದಕ್ಕಿಂತ ಗಟ್ಟಿಯಾದದ್ದನ್ನು ಓಡಿಸಿ.

ಗಟ್ಟಿಯಾದವು ಎರಡು ಇವೆ, ಹೆಸರು ಹೆಚ್ಚುಕಡಿಮೆ ಒಂದೇ. ಪಾಸ್‌ಮಾರ್ಕ್ ಕಂಪನಿಯ ಮೆಮ್‌ಟೆಸ್ಟ್86 ಒಂದು, ಓಪನ್ ಸೋರ್ಸ್ ಆಗಿರುವ ಮೆಮ್‌ಟೆಸ್ಟ್86 ಪ್ಲಸ್ ಇನ್ನೊಂದು. ಎರಡಕ್ಕೂ ಮೂಲ ಒಂದೇ, ಈಗ ದಾರಿ ಬೇರೆ. ಯಾವುದಾದರೂ ಆಗುತ್ತದೆ. ಒಳ್ಳೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ಬರೆದುಕೊಂಡು, ಅದರಿಂದಲೇ ಬೂಟ್ ಮಾಡಬೇಕು. ವಿಂಡೋಸ್ ಓಡುತ್ತಿರುವಾಗಲೇ ಟೆಸ್ಟ್ ಮಾಡಿದರೆ ರ‍್ಯಾಮ್‌ನ ಒಂದಷ್ಟು ಭಾಗದಲ್ಲಿ ವಿಂಡೋಸೇ ಕೂತಿರುತ್ತದೆ, ಆ ಜಾಗ ಟೆಸ್ಟ್ ಆಗುವುದೇ ಇಲ್ಲ. ಬೂಟ್ ಆಗಲು ಸೆಕ್ಯೂರ್ ಬೂಟ್ (ಗುರುತಿಲ್ಲದ ಪ್ರೋಗ್ರಾಮಿನಿಂದ ಬೂಟ್ ಆಗಲು ಬಿಡದ ಕಾವಲು) ಅಡ್ಡ ಬಂದರೆ ಸ್ವಲ್ಪ ಹೊತ್ತಿಗೆ ಆಫ್ ಮಾಡಬಹುದು, ಆದರೆ ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಇದ್ದರೆ ಆಮೇಲೆ ರಿಕವರಿ ಕೀ ಕೇಳುತ್ತದೆ. ಬಯಾಸ್ ಡೀಫಾಲ್ಟ್‌ಗೆ ತಂದರೂ ಕೇಳಬಹುದು. ಕೀ ಕೈಯಲ್ಲಿ ಇಟ್ಟುಕೊಂಡೇ ಕೆಲಸ ಶುರು ಮಾಡಿ.

ಎಷ್ಟು ಹೊತ್ತು? ಮೆಮ್‌ಟೆಸ್ಟ್86ರಲ್ಲಿ 4 ಸುತ್ತು ಮುಗಿಯಲಿ. ಮೊದಲ ಸುತ್ತು ಬೇಕಂತಲೇ ಚುಟುಕಾಗಿರುತ್ತದೆ, ಅದೊಂದನ್ನೇ ನೋಡಿ ಪಾಸ್ ಅನ್ನಬೇಡಿ. ಪ್ಲಸ್ ಆದರೆ ನೀವು ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತದೆ, ರಾತ್ರಿ ಹಾಕಿ ಮಲಗಿ. ಕೇಸ್ ಮುಚ್ಚಿರಲಿ. ಬಾಗಿಲು ತೆಗೆದು ಫ್ಯಾನ್ ಗಾಳಿಗೆ ಇಟ್ಟು ಟೆಸ್ಟ್ ಮಾಡಿ ಪಾಸ್ ಆಯಿತು ಅಂದರೆ ಅರ್ಥವಿಲ್ಲ. ರ‍್ಯಾಮ್‌ನ ಒಂದೊಂದು ಕೋಶವೂ ಒಂದು ಪುಟಾಣಿ ಕೆಪಾಸಿಟರ್, ತಳ ತೂತಾದ ಬಿಂದಿಗೆ ಇದ್ದ ಹಾಗೆ. ಅದರಲ್ಲಿನ ಚಾರ್ಜ್ ಸೋರುತ್ತಲೇ ಇರುತ್ತದೆ, ಆದ್ದರಿಂದ ಮಾಮೂಲಿಯಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಮತ್ತೆ ತುಂಬಬೇಕು. ಬಿಸಿ ಜಾಸ್ತಿಯಾದರೆ ಸೋರುವುದೂ ಜಾಸ್ತಿ. ಅರೆಬರೆ ಕೆಟ್ಟ ಕೋಶ ತಣ್ಣಗಿದ್ದಾಗ ಹೇಗೋ ನಿಭಾಯಿಸುತ್ತದೆ, ಕಾದ ಮೇಲೆ ಕೈಕೊಡುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ಹ್ಯಾಂಗ್ ಆಗುವ ಕಂಪ್ಯೂಟರುಗಳಲ್ಲಿ ಇದನ್ನು ಮರೆಯಬಾರದು.

ಫಲಿತಾಂಶ ಓದುವುದರಲ್ಲೇ ಅರ್ಧ ಕೆಲಸ ಇದೆ. ಎರರ್ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಪ್ರತಿ ಸುತ್ತಿನಲ್ಲೂ ಅದೇ ವಿಳಾಸ, ಅದೇ ಬಿಟ್ ಬಂದರೆ ಸ್ಟಿಕ್‌ನ ಕೋಶ ಕೆಟ್ಟಿರುವ ಸಾಧ್ಯತೆ ಹೆಚ್ಚು. ಶುರುವಾದ ಕೆಲವೇ ಸೆಕೆಂಡಿಗೆ ಸಾವಿರಾರು ಎರರ್ ಸುರಿದರೆ ಸ್ಟಿಕ್ ಸರಿಯಾಗಿ ಕೂತಿಲ್ಲವೋ, ವೇಗ ಹೊಂದುತ್ತಿಲ್ಲವೋ ಅಂತ ಮತ್ತೊಮ್ಮೆ ನೋಡುತ್ತೇನೆ. ಪ್ರತಿ ಸಲ ಬೇರೆ ಬೇರೆ ಕಡೆ ಚೆಲ್ಲಾಪಿಲ್ಲಿಯಾಗಿ ಬಂದರೆ ಸೆಟ್ಟಿಂಗ್, ಪವರ್ ಸಪ್ಲೈ, ಪ್ರೊಸೆಸರ್ ಕಡೆಗೂ ಅನುಮಾನ ಹೋಗಬೇಕು. ಮೆಮ್‌ಟೆಸ್ಟ್86ರ 13ನೇ ಟೆಸ್ಟ್ ಹ್ಯಾಮರ್ ಟೆಸ್ಟ್, ಅದು ಒಂದೇ ಸಾಲನ್ನು ಬಿಡದೆ ಬಡಿದು ಪಕ್ಕದ ಸಾಲಿನ ಬಿಟ್ ತಿರುಗುತ್ತದಾ ಅಂತ ನೋಡುತ್ತದೆ. ಅದೊಂದರಲ್ಲಿ ಮಾತ್ರ ಎರರ್ ಬಂದು ಉಳಿದೆಲ್ಲ ಪಾಸಾದರೆ ನಿಮ್ಮ ಬ್ಲೂ ಸ್ಕ್ರೀನಿಗೆ ಅದೇ ಕಾರಣ ಅನ್ನುವ ಹಾಗಿಲ್ಲ, ದಿನದ ಬಳಕೆಯಲ್ಲಿ ಅಂಥ ಬಡಿತ ಬೀಳುವುದು ಅಪರೂಪ. ಅದು ಬಿಟ್ಟು ಬೇರೆ ಯಾವ ಟೆಸ್ಟಿನಲ್ಲಾದರೂ ಒಂದೇ ಒಂದು ಎರರ್ ಬಂದರೂ ಬಿಡಬಾರದು. "ಒಂದೇ ತಾನೇ, ಪರವಾಗಿಲ್ಲ" ಅನ್ನುವ ಮಾತು ಮೆಮೊರಿಗೆ ಹೊಂದುವುದಿಲ್ಲ. ಗೂಗಲ್ ತನ್ನ ಸರ್ವರುಗಳ ಮೆಮೊರಿ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಎರರ್ ಕಂಡಿತ್ತು. ಒಮ್ಮೆ ಎರರ್ ಕೊಟ್ಟ ಸ್ಟಿಕ್ ಮತ್ತೆ ಕೊಡುವ ಸಾಧ್ಯತೆ ತುಂಬಾ ಜಾಸ್ತಿ ಅಂತಲೂ ಅದರಲ್ಲಿತ್ತು. ಆ ಸರ್ವರುಗಳಲ್ಲಿ ತಪ್ಪು ಹಿಡಿದು ತಿದ್ದುವ ಇಸಿಸಿ ಮೆಮೊರಿ ಇತ್ತು. ನಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಎರರ್ ಬಂತು ಅಂತಿಟ್ಟುಕೊಳ್ಳಿ. ಈಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಮತ್ತು ಬರೆದಿಟ್ಟುಕೊಳ್ಳಬೇಕು, ಯಾಕೆಂದರೆ ಎರಡನೇ ದಿನದ ಹೊತ್ತಿಗೆ ಯಾವ ಸ್ಟಿಕ್ ಯಾವ ಸ್ಲಾಟಿನಲ್ಲಿ ಇತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಸ್ಟಿಕ್‌ಗಳ ಮೇಲೆ ಚಿಕ್ಕ ಟೇಪ್ ಅಂಟಿಸಿ 1, 2 ಅಂತ ಬರೆಯಿರಿ. 1ನ್ನು ಮಾತ್ರ ಹಾಕಿ ಟೆಸ್ಟ್ ಮಾಡಿ. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಒಂಟಿ ಸ್ಟಿಕ್‌ಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್, ಆದರೂ ಬೋರ್ಡಿನ ಮ್ಯಾನುಯಲ್ ಒಮ್ಮೆ ನೋಡಿ. ಆಮೇಲೆ ಅದೇ ಸ್ಲಾಟಿನಲ್ಲಿ 2. ಒಂದರಲ್ಲಿ ಎರರ್ ಬಂದು ಇನ್ನೊಂದರಲ್ಲಿ ಬರದಿದ್ದರೆ, ಎರರ್ ಬಂದದ್ದನ್ನು ಬೇರೆ ಸ್ಲಾಟಿಗೆ ಹಾಕಿ ನೋಡಿ. ಅಲ್ಲೂ ಬಂದರೆ ಸ್ಟಿಕ್ ಕೆಟ್ಟಿದೆ, ಮಾತು ಮುಗಿಯಿತು. ಎರಡೂ ಸ್ಟಿಕ್‌ಗಳು ಒಂದೇ ಸ್ಲಾಟಿನಲ್ಲಿ ಎರರ್ ಕೊಟ್ಟು ಇನ್ನೊಂದು ಸ್ಲಾಟಿನಲ್ಲಿ ಸುಮ್ಮನಿದ್ದರೆ ತಪ್ಪು ಸ್ಟಿಕ್‌ಗಳದ್ದಲ್ಲ.

ಆಗ ಎಲ್ಲರೂ ಮದರ್‌ಬೋರ್ಡ್ ಹೋಯಿತು ಅಂದುಬಿಡುತ್ತಾರೆ. ಸ್ವಲ್ಪ ತಡೆಯಿರಿ. ರ‍್ಯಾಮ್ ಜೊತೆ ಮಾತಾಡುವ ಕಂಟ್ರೋಲರ್ ಈಗ ಬೋರ್ಡಿನಲ್ಲಿಲ್ಲ, ಪ್ರೊಸೆಸರಿನೊಳಗೇ ಇದೆ. ಎಎಂಡಿ 2003ರ ಅಥ್ಲಾನ್ 64ರಿಂದಲೇ ಹಾಗೆ ಮಾಡಿತು, ಇಂಟೆಲ್ 2008ರಿಂದ. ಹಾಗಾಗಿ ಪ್ರೊಸೆಸರ್ ಸಾಕೆಟ್ಟಿನಲ್ಲಿ ಒಂದೇ ಒಂದು ಪಿನ್ ಬಗ್ಗಿದ್ದರೂ ಒಂದು ಕಡೆಯ ಸ್ಲಾಟುಗಳು ಪೂರ್ತಿ ಸತ್ತ ಹಾಗೆ ಕಾಣುತ್ತವೆ. ಸೆಕೆಂಡ್ ಹ್ಯಾಂಡ್ ಅಂದಮೇಲೆ ಯಾರೋ ಪ್ರೊಸೆಸರ್ ತೆಗೆದು ಹಾಕಿರುವ ಸಾಧ್ಯತೆ ಇದ್ದೇ ಇರುತ್ತದೆ. ಕೂಲರಿನ ಸ್ಕ್ರೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೂ ಇದೇ ತೊಂದರೆ ಬರುವುದುಂಟು. ಕೂಲರ್ ಬಿಚ್ಚಿ, ಪ್ರೊಸೆಸರ್ ತೆಗೆದು, ಸಾಕೆಟ್ಟಿಗೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ, ಪ್ರೊಸೆಸರ್ ವಾಪಸ್ ಕೂರಿಸಿ ಶಾಖ ಸಾಗಿಸುವ ಪೇಸ್ಟ್ ಹೊಸದಾಗಿ ಹಚ್ಚಿ, ಸ್ಕ್ರೂಗಳನ್ನು ಎದುರುಬದುರಾಗಿ ಸಮನಾಗಿ ಬಿಗಿ ಮಾಡಿ ಮತ್ತೆ ಟೆಸ್ಟ್ ಹಾಕಿ. ಬೋರ್ಡ್ ಬದಲಿಸುವ ಮಾತು ಅದಾದ ಮೇಲೆ.

ಮೂರನೆಯ ಸಾಧ್ಯತೆಯೂ ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ತುಂಬಾ ತಲೆ ತಿನ್ನುವುದು. 1 ಒಂಟಿಯಾಗಿ ಪಾಸ್, 2 ಒಂಟಿಯಾಗಿ ಪಾಸ್, ಜೊತೆಗೆ ಹಾಕಿದರೆ ಫೇಲ್. ಸ್ಟಿಕ್ ತಿರುಗಿಸಿ ಬರಹ ಓದಿ. ಒಂದು ಒಂದು ಕಂಪನಿಯದು, ಇನ್ನೊಂದು ಇನ್ನೊಂದರದು, ವೇಗ ಬೇರೆ, ಚಿಪ್‌ಗಳ ಸಂಖ್ಯೆ ಬೇರೆ ಇರುತ್ತದೆ. ಬೆರಕೆ ಸ್ಟಿಕ್‌ಗಳು ಕೆಲಸ ಮಾಡುವುದೇ ಇಲ್ಲ ಅಂತಲ್ಲ, ಮಾಡುತ್ತವೆ, ಆದರೆ ಗ್ಯಾರಂಟಿ ಇಲ್ಲ. ಬಯಾಸ್‌ನಲ್ಲಿ ವೇಗ ಒಂದು ಮೆಟ್ಟಿಲು ಇಳಿಸಿ ನೋಡಿ. ಆಗಲೂ ಆಗದಿದ್ದರೆ ಜೋಡಿಯಾಗಿ ಬರುವ ಕಿಟ್ ತಗೊಂಡು ಈ ಎರಡನ್ನೂ ಬೇರೆ ಬೇರೆ ಕಂಪ್ಯೂಟರಿಗೆ ಬಳಸಿಕೊಳ್ಳಿ. ಸ್ಟಿಕ್‌ಗಳಲ್ಲಿ ದೋಷವಿಲ್ಲವಲ್ಲ, ಬಿಸಾಡುವುದು ಯಾಕೆ?

ಎಲ್ಲ ಟೆಸ್ಟೂ ಪಾಸಾಗಿ ಕಂಪ್ಯೂಟರ್ ಇನ್ನೂ ಬೀಳುತ್ತಿದ್ದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕ್‌ಗೆ ಹಾಕದೆ ನೇರ ಓಡುವ ಲಿನಕ್ಸ್) ಓಡಿಸಿ ನೋಡಿ. ಅಲ್ಲಿ ದಿನಗಟ್ಟಲೆ ಚೆನ್ನಾಗಿದ್ದರೆ ವಿಂಡೋಸ್, ಡ್ರೈವರ್, ಡಿಸ್ಕ್ ಕಡೆ ತಿರುಗಿ. ಅಲ್ಲೂ ಬಿದ್ದರೆ ಪವರ್ ಸಪ್ಲೈ ಬದಲಿಸಿ ನೋಡುವುದು ನನ್ನ ಮುಂದಿನ ಹೆಜ್ಜೆ. ಪ್ರೈಮ್95 ಅನ್ನುವ ಪ್ರೋಗ್ರಾಮಿನ 'ಬ್ಲೆಂಡ್' ಟೆಸ್ಟ್ ಕೂಡ ಒಳ್ಳೆಯದು, ಪ್ರೊಸೆಸರ್ ಮತ್ತು ರ‍್ಯಾಮ್ ಎರಡನ್ನೂ ಒಟ್ಟಿಗೆ ದುಡಿಸುತ್ತದೆ. ಬರೀ ಮೆಮೊರಿ ಟೆಸ್ಟಿನಲ್ಲಿ ಅಡಗಿ ಕೂತದ್ದು ಅಲ್ಲಿ ಹೊರಗೆ ಬರುವುದುಂಟು.

ಲ್ಯಾಪ್‌ಟಾಪ್ ತಗೊಳ್ಳುವವರು ಇದನ್ನೆಲ್ಲ ಕೊಳ್ಳುವ ಮೊದಲೇ ಯೋಚಿಸಬೇಕು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ ಅನ್ನುವ ಕಡೆ 'ರೋ ಆಫ್ ಚಿಪ್ಸ್' ಅಂತಿದ್ದರೆ ಅದೇ. ಅಂಥದ್ದರಲ್ಲಿ ಎರರ್ ಬಂದರೆ ಚಿಪ್ ಕಿತ್ತು ಬೇರೆಯದನ್ನು ಬೆಸೆದು ಕೊಡುವವರನ್ನು ಹುಡುಕಬೇಕು, ಇಲ್ಲ ಬೋರ್ಡೇ ಬದಲಿಸಬೇಕು. ಅದೇ ಪುಟದಲ್ಲಿ 'ಹಾರ್ಡ್‌ವೇರ್ ರಿಸರ್ವ್ಡ್' ಅನ್ನುವುದನ್ನೂ ನೋಡಿ. 16 ಜಿಬಿ ಇದ್ದು ಅರ್ಧ ಅಲ್ಲೇ ಸೇರಿಕೊಂಡಿದ್ದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲದೆ ಇರಬಹುದು, ಅಥವಾ ಬೂಟ್ ಸೆಟ್ಟಿಂಗ್‌ನಲ್ಲಿ ಯಾರೋ ಮ್ಯಾಕ್ಸಿಮಮ್ ಮೆಮೊರಿ ಟಿಕ್ ಮಾಡಿ ಬಿಟ್ಟಿರಬಹುದು.

ಬದಲಿ ಸ್ಟಿಕ್ ತರುವಾಗ ಡಿಡಿಆರ್3, 4, 5 ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಡಿಡಿಆರ್3ರಲ್ಲಿ ಮಾತ್ರ ಒಂದು ಉಪದ್ರವ: ಮಾಮೂಲಿಯದು 1.5 ವೋಲ್ಟ್, 'ಎಲ್' ಇರುವುದು 1.35, ಆದರೆ ಕಚ್ಚು ಒಂದೇ. 1.35 ಮಾತ್ರ ಒಪ್ಪುವ ಲ್ಯಾಪ್‌ಟಾಪಿಗೆ 1.5ರದು ಹಾಕಿದರೆ ಆನ್ ಆಗದೇ ಇರಬಹುದು. ಸರ್ವರುಗಳಿಂದ ತೆಗೆದ ರಿಜಿಸ್ಟರ್ಡ್ ಸ್ಟಿಕ್‌ಗಳು ಅಗ್ಗವಾಗಿ ಸಿಗುತ್ತವೆ, ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಅವು ಕೆಲಸ ಮಾಡುವುದಿಲ್ಲ. ತಂದ ಸ್ಟಿಕ್ ಹೊಸದೇ ಆಗಿರಲಿ, ಅದಕ್ಕೂ ಒಂದು ರಾತ್ರಿ ಪೂರ್ತಿ ಟೆಸ್ಟ್ ಹಾಕಿ.

ಕೆಟ್ಟ ವಿಳಾಸಗಳನ್ನಷ್ಟೇ ಬಿಟ್ಟು ಉಳಿದದ್ದನ್ನು ಬಳಸುವ ದಾರಿಯೂ ಇದೆ. ಲಿನಕ್ಸ್‌ನಲ್ಲಿ ಗ್ರಬ್ (ಲಿನಕ್ಸ್ ಶುರು ಮಾಡುವ ಪ್ರೋಗ್ರಾಮ್) ಸೆಟ್ಟಿಂಗ್‌ನಲ್ಲೇ ಹೇಳಬಹುದು, ವಿಂಡೋಸ್‌ನಲ್ಲೂ ಕೆಟ್ಟ ಮೆಮೊರಿಯ ಪಟ್ಟಿ ಕೊಡುವ ವ್ಯವಸ್ಥೆ ಇದೆ. ಬೆಸುಗೆ ಹಾಕಿದ ರ‍್ಯಾಮ್ ಇರುವ, ಸಿನಿಮಾ ನೋಡಲು ಮಾತ್ರ ಬಳಸುವ ಹಳೆಯ ಲ್ಯಾಪ್‌ಟಾಪಿಗೆ ಆಗಬಹುದು. ಲೆಕ್ಕಪತ್ರ ಇಡುವ ಕಂಪ್ಯೂಟರಿಗೆ ನಾನು ಹಾಗೆ ಮಾಡಿಕೊಡುವುದಿಲ್ಲ. ಇವತ್ತು ಒಂದು ಕೋಶ ಕೆಟ್ಟ ಚಿಪ್‌ನಲ್ಲಿ ನಾಳೆ ಇನ್ನೊಂದು ಕೆಟ್ಟರೆ ಆ ಪಟ್ಟಿಗೆ ಅದು ತಾನಾಗಿ ಸೇರುವುದಿಲ್ಲ.

ರ‍್ಯಾಮ್ ಸರಿಯಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಕೆಟ್ಟ ದಿನಗಳಲ್ಲಿ ಹಾಕಿದ ವಿಂಡೋಸ್ ಡಿಸ್ಕ್‌ನಲ್ಲಿ ಹಾಗೇ ಕೂತಿದೆ, ಅದರ ಯಾವ ಫೈಲ್ ಹಾಳಾಗಿ ಬರೆದುಕೊಂಡಿದೆಯೋ ಹೇಳಲಾಗದು. ಫಾರ್ಮ್ಯಾಟ್ ಮಾಡಬೇಕಾದ್ದು ಈಗ. ಇನ್‌ಸ್ಟಾಲ್ ಪೆನ್‌ಡ್ರೈವ್ ಅದೇ ಕಂಪ್ಯೂಟರಿನಲ್ಲಿ ತಯಾರಾಗಿದ್ದರೆ ಅದನ್ನೂ ಮತ್ತೆ ಮಾಡಿ. ಆ ದಿನಗಳಲ್ಲಿ ಕ್ಯಾಮೆರಾದಿಂದ, ಫೋನಿನಿಂದ ಕಾಪಿ ಮಾಡಿಕೊಂಡ ಫೋಟೋಗಳ ಮೂಲ ಇನ್ನೂ ಇದ್ದರೆ ಅಳಿಸುವ ಮೊದಲು ಹೊಸದಾಗಿ ಕಾಪಿ ಮಾಡಿಕೊಳ್ಳಿ. ಜಿಪ್ ಫೈಲುಗಳನ್ನು ಅವುಗಳದ್ದೇ ಟೆಸ್ಟ್ ಆಯ್ಕೆ ಕೊಟ್ಟು ಒಂದು ಸುತ್ತು ಓಡಿಸಿ, ಹಾಳಾದದ್ದು ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.